ಊರಿನ ಚರಿತ್ರೆಯನ್ನು ಗದ್ದೆಯಲ್ಲಿ ಓದುವುದು

ಕಾರ್ಕಳ ಎಂದೊಡನೆ ನಮಗೆ ನೆನಪಾಗುವುದು 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಗೊಮ್ಮಟ. ಕಾಪು ಎಂದೊಡನೆ 1901ರಲ್ಲಿ ಕಡಲ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭ. ನಕ್ಷೆ ತೆರೆದು ನೋಡಿ: ಇವೆರಡೂ ಬಹುಮಟ್ಟಿಗೆ ಒಂದೇ ಅಕ್ಷಾಂಶದಲ್ಲಿವೆ. ನೇರ ಗೆರೆ ಎಳೆದರೆ ನಡುವಿನ ದೂರ ಸುಮಾರು 27 ಕಿಲೋಮೀಟರ್. ಗೆರೆಯ ಎರಡು ತುದಿಗಳಿಗೂ ಇಸವಿಗಳಿವೆ. ಆದರೆ ಅದರ ಇಕ್ಕೆಲಗಳಲ್ಲಿರುವ ಬೇಸಾಯದ ಊರುಗಳ ಚರಿತ್ರೆಯನ್ನು ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ದೇವಸ್ಥಾನದ ಸ್ಥಳಪುರಾಣವನ್ನು ಒಂದು ಪುಟ ಬರೆದು ತರುತ್ತಾರೆ. ಅದರಾಚೆಗೆ ಬರೆಯಲು ಏನೂ ಇಲ್ಲ ಎಂಬ ಭಾವನೆ ಅವರದು.

ಏನೂ ಇಲ್ಲವೇ? ಶಾಸನವಿಲ್ಲದ ಊರಿನಲ್ಲಿಯೂ ಗದ್ದೆಯಿದೆ, ತೋಡಿದೆ, ಬಾವಿಯಿದೆ, ಅಟ್ಟದ ಮೇಲೆ ಒಂದು ಹಳೆಯ ಅಳತೆಯ ಪಾತ್ರೆ ಇದೆ. ಇವು ಕೂಡ ದಾಖಲೆಗಳೇ. ಇವನ್ನು ಓದಲು ಹಳಗನ್ನಡ ಲಿಪಿ ಬೇಕಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ ಮತ್ತು ಜ್ಯಾಮಿತಿ ಸಾಕು. ಆದರೆ ಶಾಸನದ ಕಲ್ಲಿನಷ್ಟು ಕಾಲ ಇವು ಬಾಳುವುದಿಲ್ಲ. ಒಂದು ಲೋಡು ಕೆಂಪು ಮಣ್ಣು ಬಿದ್ದರೆ ಗದ್ದೆಯ ಪುಟ ಮುಚ್ಚಿತು.

ಮೊದಲು ನೆಲದಿಂದ ಆರಂಭಿಸೋಣ. ನಮ್ಮ ಕರಾವಳಿಯ ಬೋಳು ದಿಬ್ಬಗಳು, ಅಂದರೆ ಪದವುಗಳು, ಕೆಂಪುಕಲ್ಲಿನವು. ಇದನ್ನೇ ಪಠ್ಯಪುಸ್ತಕಗಳಲ್ಲಿ ಜಂಬಿಟ್ಟಿಗೆ ಎನ್ನುತ್ತಾರೆ. ಈ ಶಿಲೆಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪ್ಪುರದಲ್ಲಿ ಜನ ನೆಲದಿಂದ ಮೆತ್ತಗಿನ ಕಲ್ಲನ್ನು ಕಡಿದು, ಗಾಳಿಗೆ ಒಡ್ಡಿ, ಇಟ್ಟಿಗೆಯಂತೆ ಬಳಸುವುದನ್ನು ಆತ ಕಂಡ. ಲ್ಯಾಟಿನ್‌ನಲ್ಲಿ ಇಟ್ಟಿಗೆಗಿರುವ ಪದದಿಂದ ಹೆಸರನ್ನು ರೂಪಿಸಿದ. 1801ರಲ್ಲಿ ಆತ ಕಾರ್ಕಳ, ಉಡುಪಿಗಳ ಮೂಲಕವೂ ಹಾದುಹೋದ. ಪ್ರವಾಸದ ವರದಿ 1807ರಲ್ಲಿ ಪ್ರಕಟವಾಯಿತು.

ಕೆಂಪುಕಲ್ಲು ಹುಟ್ಟುವುದು ಮಳೆಯಿಂದ. ಲಕ್ಷಾಂತರ ವರ್ಷಗಳ ಬಿಸಿ ಮತ್ತು ಮಳೆಯಲ್ಲಿ ಮೂಲ ಶಿಲೆಯ ಸಿಲಿಕಾ ಮತ್ತಿತರ ಅಂಶಗಳು ಕರಗಿ ಹೋಗಿ, ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿಯುತ್ತವೆ. ಹೀಗೆ ಉಳಿದ ಕಲ್ಲು ತೂತು ತೂತಾದದ್ದು. ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬಾವಿ ತೋಡುವವರಿಗೆ ಗೊತ್ತಿರುವಂತೆ ಕೆಂಪುಕಲ್ಲಿನ ಕೆಳಗೆ ಸಾಮಾನ್ಯವಾಗಿ ಶೇಡಿ ಮಣ್ಣಿನ ಪದರ ಸಿಗುತ್ತದೆ. ಬಿಳಿ, ಹಳದಿ, ತಿಳಿಗೆಂಪು ಬಣ್ಣದ ಈ ಜಿಗುಟು ಮಣ್ಣಿನಲ್ಲಿ ನೀರು ಸುಲಭವಾಗಿ ಇಳಿಯದು. ಆದ್ದರಿಂದ ಪದವಿನ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು, ಶೇಡಿ ಮಣ್ಣಿನ ಮೇಲೆ ನಿಧಾನವಾಗಿ ಅಡ್ಡಕ್ಕೆ ಸಾಗಿ, ದಿಬ್ಬದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ.

'ನಿಧಾನವಾಗಿ' ಎಂಬ ಪದದಲ್ಲಿಯೇ ಊರಿನ ಚರಿತ್ರೆ ಅಡಗಿದೆ. ಉದಾಹರಣೆಗೆ, ಒಳನೀರು ದಿನಕ್ಕೆ 2 ಮೀಟರಿನಂತೆ ಸಾಗುತ್ತದೆ ಎಂದು ಭಾವಿಸಿ. ಒರತೆಯಿಂದ 400 ಮೀಟರ್ ದೂರದಲ್ಲಿ ಜುಲೈ ತಿಂಗಳಲ್ಲಿ ಇಳಿದ ಮಳೆ 200 ದಿನಗಳ ನಂತರ, ಅಂದರೆ ಜನವರಿಯ ಕೊನೆಗೆ, ಗದ್ದೆಯಂಚಿಗೆ ತಲಪುತ್ತದೆ. ಮಳೆ ನಿಂತು ನಾಲ್ಕು ತಿಂಗಳಾದರೂ ಗದ್ದೆಗೆ ಮಳೆಯ ನೀರೇ ಬರುತ್ತಿರುತ್ತದೆ. ಪದವು ಒಂದು ನೀರಿನ ಬ್ಯಾಂಕು. ಅದರ ಬಡ್ಡಿಯಿಂದ ಬೆಳೆದದ್ದೇ ನಮ್ಮ ಬೇಸಗೆಯ ಭತ್ತ.

ಹಿಂದಿನ ರೈತರು ಗದ್ದೆಗಳನ್ನು ಮೂರು ಜಾತಿಗಳಾಗಿ ವಿಂಗಡಿಸಿದ್ದರು. ತೀರ ತಗ್ಗಿನಲ್ಲಿರುವುದು ಬೈಲು, ಅದಕ್ಕಿಂತ ಮೇಲಿನದು ಮಜಲು, ಎಲ್ಲಕ್ಕಿಂತ ಮೇಲಿನದು ಬೆಟ್ಟು. ಬೆಟ್ಟುಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ಮಜಲಿನಲ್ಲಿ ಏಣೆಲಿನ ನಂತರ ಅಕ್ಟೋಬರಿನಿಂದ ಜನವರಿಯವರೆಗಿನ ಸುಗ್ಗಿ ಬೆಳೆಯೂ ಆಗುತ್ತದೆ. ಬೈಲಿನಲ್ಲಿ ಇವೆರಡರ ಮೇಲೆ ಏಪ್ರಿಲಿನಲ್ಲಿ ಕೊಯ್ಯುವ ಕೊಳಕೆ ಬೆಳೆಯೂ ಉಂಟು. ಒಂದು ಬೆಳೆ, ಎರಡು ಬೆಳೆ, ಮೂರು ಬೆಳೆ: ಇದು ನೆಲದ ಎತ್ತರದ ವರ್ಗೀಕರಣದಂತೆ ಕಂಡರೂ ನಿಜಕ್ಕೂ ಅಂತರ್ಜಲದ ಮಟ್ಟ ವರ್ಷದಲ್ಲಿ ಎಷ್ಟು ತಿಂಗಳು ನೆಲಕ್ಕೆ ಹತ್ತಿರವಿರುತ್ತದೆ ಎಂಬುದರ ವರ್ಗೀಕರಣ. ಸರಕಾರ ಕಂದಾಯ ವಿಧಿಸುವಾಗಲೂ ಈ ಮೂರು ಹೆಸರುಗಳನ್ನು ಕೈಬಿಡಲಾಗಲಿಲ್ಲ.

ಹೀಗಾಗಿ ಊರುಗಳ ಹೆಸರುಗಳನ್ನು ಎತ್ತರದ ಕೋಷ್ಟಕದಂತೆ ಓದಬಹುದು. ಬೈಲೂರು, ಬೈಲಕೆರೆ, ಮೂಡುಬೆಟ್ಟು, ಏಣಗುಡ್ಡೆ. ತುಳುವಿನಲ್ಲಿ ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಮೂಡುಬೆಳ್ಳೆ, ಪಡುಬಿದ್ರಿ ಎನ್ನುವಾಗ ದಿಕ್ಕೂ ಸಿಕ್ಕಿತು. ಮಣಿಪಾಲವನ್ನೇ ನೋಡಿ. ಮಣ್ಣುಪಳ್ಳ, ಅಂದರೆ ಮಣ್ಣಿನ ಕೆರೆ, ಎಂಬುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ತೆರೆದಾಗ ಬೋಳಾಗಿದ್ದ ಆ ಕೆಂಪುಕಲ್ಲಿನ ಗುಡ್ಡ ಇಂದು ಕಾಂಕ್ರೀಟು, ಡಾಂಬರುಗಳ ಪಟ್ಟಣ. ಮಣ್ಣಪಳ್ಳ ಕೆರೆ ಮಾತ್ರ ಈಗಲೂ ಇದೆ. ಗುಡ್ಡದ ಬುಡದ ಬಾವಿಗಳಲ್ಲಿ ಬೇಸಗೆಯ ನೀರು ಇದರಿಂದ ಎಷ್ಟು ಬದಲಾಗಿದೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಹಳೆಯ ಅಳತೆಗಳಿಲ್ಲದೆ ಪಟ್ಟಣವನ್ನು ದೂರುವುದು ವಿಜ್ಞಾನವಲ್ಲ. ಶಾಲೆಯೊಂದರ ಬಾವಿಯ ನೀರಿನ ಮಟ್ಟವನ್ನು ಪ್ರತಿ ಶನಿವಾರ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಬರೆದಿಡಲು ಇಂದೇ ಆರಂಭಿಸಿದರೆ ಮುಂದಿನವರಿಗಾದರೂ ಉತ್ತರ ಸಿಕ್ಕೀತು.

ಹೆಸರನ್ನು ಓದದಿದ್ದರೆ ಏನಾಗುತ್ತದೆ? 2020ರ ಸೆಪ್ಟೆಂಬರ್ 20ರ ಭಾನುವಾರ ಬೆಳಗಾಗುವಷ್ಟರಲ್ಲಿ ಉಡುಪಿ ನಗರದ ತಗ್ಗು ಭಾಗಗಳು ನೆರೆಯಲ್ಲಿ ಮುಳುಗಿದ್ದವು. ದೋಣಿಗಳಲ್ಲಿ ಜನರನ್ನು ಹೊರತರಬೇಕಾಯಿತು. ಅಂದು ಮುಳುಗಿದ ಜಾಗಗಳಲ್ಲಿ ಒಂದರ ಹೆಸರು ಗುಂಡಿಬೈಲು. ಬೈಲು, ಅದೂ ಗುಂಡಿಯಲ್ಲಿರುವ ಬೈಲು! ಇಷ್ಟು ಸ್ಪಷ್ಟವಾದ ಎಚ್ಚರಿಕೆಯ ಫಲಕವನ್ನು ಯಾವ ಇಂಜಿನಿಯರು ತಾನೇ ಬರೆದಾನು?

ಲೆಕ್ಕ ಸರಳವಾಗಿದೆ. ಒಂದು ಎಕರೆ ಎಂದರೆ 4047 ಚದರ ಮೀಟರ್. ಬದುವಿನೊಳಗೆ 10 ಸೆಂಟಿಮೀಟರ್ ನೀರು ನಿಂತರೆ ಅದು 405 ಘನ ಮೀಟರ್, ಅಂದರೆ ನಾಲ್ಕು ಲಕ್ಷ ಲೀಟರಿಗೂ ಹೆಚ್ಚು. 50 ಎಕರೆಯ ಒಂದು ಬೈಲು ಹೀಗೆ ಎರಡು ಕೋಟಿ ಲೀಟರ್ ನೀರನ್ನು ತಡೆದು ನಿಲ್ಲಿಸಿ ಆಮೇಲೆ ಮೆಲ್ಲನೆ ತೋಡಿಗೆ ಬಿಡುತ್ತದೆ. ಬೈಲನ್ನು ತುಂಬಿಸಿ ಮನೆ ಕಟ್ಟಿದರೂ ಆ ಎರಡು ಕೋಟಿ ಲೀಟರ್ ಮಾಯವಾಗುವುದಿಲ್ಲ. ದ್ರವ್ಯರಾಶಿಯ ಸಂರಕ್ಷಣೆಯ ನಿಯಮ ನಗರಸಭೆಯ ಗಡಿಯೊಳಗೂ ಅನ್ವಯಿಸುತ್ತದೆ.

ಇನ್ನು ಕಾಗದದ ದಾಖಲೆಗಳಿಗೆ ಬರೋಣ. ಮೈಸೂರು, ಧಾರವಾಡದ ಕಡೆಯ ವಿದ್ಯಾರ್ಥಿಗಳು ಮಣಿಪಾಲಕ್ಕೆ ಬಂದಾಗ ಒಂದು ವಿಷಯ ಅವರಿಗೆ ವಿಚಿತ್ರವೆನಿಸುತ್ತದೆ. ಅವರ ಊರಿನಲ್ಲಿ ಜಮೀನು ಎಕರೆ-ಗುಂಟೆಗಳಲ್ಲಿದ್ದರೆ ಇಲ್ಲಿ ಎಕರೆ-ಸೆಂಟ್ಸುಗಳಲ್ಲಿ. ಮನೆಕಟ್ಟುವ ಜಾಗ 'ಐದು ಸೆಂಟ್ಸು'. ಇದೇಕೆ? 1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೆನರಾ ಪ್ರಾಂತ ಕಂಪೆನಿಯ ವಶವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದಾಗ ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಇಲ್ಲಿನ ನೆಲವನ್ನೆಲ್ಲ ಮದರಾಸಿನ ಪದ್ಧತಿಯಲ್ಲಿ ಅಳೆದು ಮುಗಿದಿತ್ತು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲೂ ಸೆಂಟ್ಸು ಹೋಗಲಿಲ್ಲ.

ಸೆಂಟು, ಗುಂಟೆಗಳೆರಡೂ ಆಯಾ ಸರ್ವೆಯವರ ಕೈಯಲ್ಲಿದ್ದ ಸರಪಳಿಯಿಂದ ಹುಟ್ಟಿದವು ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು. ಗಂಟರನ ಸರಪಳಿ 66 ಅಡಿ, ಅದರಲ್ಲಿ 100 ಕೊಂಡಿಗಳು. ಹತ್ತು ಚದರ ಸರಪಳಿ ಒಂದು ಎಕರೆ. ಅಂದರೆ ಒಂದು ಲಕ್ಷ ಚದರ ಕೊಂಡಿ. ಅದರ ನೂರನೆಯ ಒಂದು ಪಾಲು, 1000 ಚದರ ಕೊಂಡಿ, ಒಂದು ಸೆಂಟು, 435.6 ಚದರ ಅಡಿ. ಇತ್ತ 33 ಅಡಿಯ ಸರಪಳಿಯನ್ನು ಬಳಸಿದ ಕಡೆಗಳಲ್ಲಿ 33 ಅಡಿಯ ಚೌಕವೇ ಗುಂಟೆ. 1089 ಚದರ ಅಡಿ. ಅಂಥ 40 ಚೌಕಗಳಿಗೆ ಒಂದು ಎಕರೆ. ಸರಪಳಿಗಳು ತುಕ್ಕು ಹಿಡಿದು ಹೋದವು, ಅವುಗಳ ಮಾನಗಳು ನಮ್ಮ ಮಾತಿನಲ್ಲಿ ಉಳಿದಿವೆ.

ಸರಪಳಿಗೂ ಮೊದಲು? ಆಗ ಗದ್ದೆಯನ್ನು ಬಿತ್ತನೆಯಿಂದ ಅಳೆಯುತ್ತಿದ್ದರು: ಒಂದು ಮುಡಿ ಬಿತ್ತುವ ಗದ್ದೆ, ಎರಡು ಕಳಸಿಗೆ ಬಿತ್ತುವ ಗದ್ದೆ. 14 ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಬಿತ್ತನೆಯ ಅಳತೆಯಲ್ಲಿ ಗದ್ದೆಯ ಉದ್ದಗಲ ಮಾತ್ರವಲ್ಲ, ಮಣ್ಣಿನ ಗುಣವೂ ಬಿತ್ತುವ ಕೈಯ ಅಭ್ಯಾಸವೂ ಸೇರಿಕೊಂಡಿವೆ. ಭೌತಶಾಸ್ತ್ರದವರಿಗೆ ಇದು ಅಸಮರ್ಪಕ ಮಾನ ಎನಿಸಬಹುದು. ರೈತನಿಗೆ ಬೇಕಾಗಿದ್ದ ಮಾಹಿತಿ ಮಾತ್ರ ಅದರಲ್ಲಿತ್ತು. ಹಳೆಯ ಗೇಣಿಚೀಟಿಯಲ್ಲಿ ಒಂದು ಗದ್ದೆಯ ಬಿತ್ತನೆ ಬರೆದಿದ್ದರೆ, ಅದೇ ಗದ್ದೆಯ ಸೆಂಟ್ಸುಗಳನ್ನು ಇಂದಿನ ಪಹಣಿಯಲ್ಲಿ ನೋಡಿ ಭಾಗಿಸಿ. ಬೈಲಿಗೂ ಬೆಟ್ಟಿಗೂ ಬೇರೆ ಬೇರೆ ಭಾಗಲಬ್ಧ ಬರುತ್ತದೆಯೇ ಎಂದು ಪರಿಶೀಲಿಸುವುದು ಒಳ್ಳೆಯ ಅಭ್ಯಾಸ.

ಮುಡಿ ಎಂದರೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಹುಲ್ಲಿನ ಹಗ್ಗದಿಂದ ಬಿಗಿದ ದೊಡ್ಡ ಉಂಡೆಯೂ ಹೌದು. ಸೇರು 80 ತೊಲದ್ದೆಂದು ಹಿಡಿದರೆ 933 ಗ್ರಾಂ; 42 ಸೇರಿಗೆ 39 ಕಿಲೋಗ್ರಾಂ. ಒಬ್ಬ ಆಳು ತಲೆಯ ಮೇಲೆ ಹೊರಬಹುದಾದಷ್ಟು. ಉಂಡೆಯ ಆಕಾರವೂ ಅರ್ಥಪೂರ್ಣ: ಒಂದೇ ಘನಗಾತ್ರಕ್ಕೆ ಅತ್ಯಂತ ಕಡಿಮೆ ಮೇಲ್ಮೈ ಇರುವುದು ಗೋಳಕ್ಕೆ. ಹುಲ್ಲೂ ಕಡಿಮೆ ಸಾಕು, ಮಳೆಗಾಲದ ತೇವಕ್ಕೂ ಹುಳುವಿಗೂ ಒಳಹೋಗುವ ದಾರಿಯೂ ಕಡಿಮೆ.

ಗೇಣಿ ಕೊಡುತ್ತಿದ್ದುದು ಈ ಮುಡಿಗಳ ಲೆಕ್ಕದಲ್ಲಿ. ನನ್ನ ಅಜ್ಜ ಚಾಲಗೇಣಿಯ ಒಕ್ಕಲು. ಮೂಲಗೇಣಿಯವನಿಗಿದ್ದ ಶಾಶ್ವತ ಹಕ್ಕು ಚಾಲಗೇಣಿಯವನಿಗಿರಲಿಲ್ಲ. ಗೇಣಿ ಬಾಕಿಯಾದರೆ ಗದ್ದೆ ಬಿಡಬೇಕಾದೀತು ಎಂಬ ಭಯ ಸದಾ ಇತ್ತು. 'ಕೊಡುವಾಗ ತಲೆ ತುಂಬಿಸಿ ಅಳೆಯುತ್ತಿದ್ದರು, ಪಡೆಯುವಾಗ ಸವರಿ ಅಳೆಯುತ್ತಿದ್ದರು' ಎಂದು ಅಜ್ಜ ಹೇಳುತ್ತಿದ್ದುದನ್ನು ತಂದೆಯವರು ನನಗೆ ಹೇಳಿದ್ದರು. ಇದು ಬಡವನ ದೂರು ಮಾತ್ರವೇ, ಲೆಕ್ಕಕ್ಕೆ ಸಿಗುವ ಸಂಗತಿಯೇ ಎಂದು ತಿಳಿಯುವ ಕುತೂಹಲ ನನಗೆ ಬಹಳ ವರ್ಷಗಳ ನಂತರ ಬಂತು.

ಧಾನ್ಯವನ್ನು ಸುರಿದಾಗ ರಾಶಿ ಶಂಕುವಿನ ಆಕಾರ ತಾಳುತ್ತದೆ. ಶಂಕುವಿನ ಇಳಿಜಾರು ಕಾಳು ಕಾಳುಗಳ ನಡುವಿನ ಘರ್ಷಣೆಯನ್ನು ಅವಲಂಬಿಸಿದೆ. ಅಕ್ಕಿಗೆ ಸುಮಾರು 30 ಡಿಗ್ರಿ. ಅಳತೆಯ ಪಾತ್ರೆ ಸಿಲಿಂಡರಿನ ಆಕಾರದ್ದೆಂದೂ ಅದರ ತ್ರಿಜ್ಯ r, ಆಳ h ಎಂದೂ ಇರಲಿ. ಬಾಯಿಯ ಮೇಲೆ ನಿಲ್ಲುವ ಶಂಕುವಿನ ಎತ್ತರ r ಮತ್ತು 30 ಡಿಗ್ರಿಯ ಟ್ಯಾಂಜೆಂಟುಗಳ ಗುಣಲಬ್ಧ, ಅಂದರೆ 0.577 r. ಶಂಕುವಿನ ಘನಗಾತ್ರವನ್ನು ಸಿಲಿಂಡರಿನ ಘನಗಾತ್ರದಿಂದ ಭಾಗಿಸಿದರೆ ಉಳಿಯುವುದು 0.192 r/h ಮಾತ್ರ. ಆಳವು ತ್ರಿಜ್ಯದ ಎರಡರಷ್ಟಿರುವ ಉದ್ದನೆಯ ಪಾತ್ರೆಯಲ್ಲಿ ತಲೆಯ ಮೇಲಿನ ಅಕ್ಕಿ ಶೇಕಡಾ 10ರ ಹತ್ತಿರ. ಆಳವೂ ತ್ರಿಜ್ಯವೂ ಸಮನಾಗಿರುವ ಅಗಲ ಬಾಯಿಯ ಪಾತ್ರೆಯಲ್ಲಿ ಶೇಕಡಾ 19. ಸವರಿದರೆ 42 ಸೇರು ಬರುವ ಮುಡಿ, ತಲೆ ತುಂಬಿಸಿ ಅಳೆದಾಗ 50 ಸೇರಾಗುತ್ತದೆ! ಎರಡೂ ಪಾತ್ರೆಗಳು 'ಸರಿಯಾದ' 14 ಸೇರಿನ ಕಳಸಿಗೆಗಳೇ. ಮೋಸ ಮಾಡಲು ಪಾತ್ರೆಯನ್ನು ತಿದ್ದಬೇಕಿಲ್ಲ, ಅಗಲವಾದ ಪಾತ್ರೆಯನ್ನು ಆರಿಸಿಕೊಂಡರೆ ಸಾಕು. ಜೊತೆಗೆ ಅಳೆಯುವಾಗ ಪಾತ್ರೆಯನ್ನು ತಟ್ಟಿದರೆ ಕಾಳುಗಳು ಇನ್ನಷ್ಟು ಒತ್ತಾಗಿ ಕೂರುತ್ತವೆ.

ಇದರಿಂದ ಅಜ್ಜನ ದೂರು ಸಾಬೀತಾಯಿತೇ? ಇಲ್ಲ. ಪಾತ್ರೆ ಹೇಳುವುದು ಎಷ್ಟು ವ್ಯತ್ಯಾಸ ಸಾಧ್ಯವಿತ್ತು ಎಂಬುದನ್ನು ಮಾತ್ರ. ಯಾರು ಹೇಗೆ ಅಳೆದರು ಎಂಬುದನ್ನಲ್ಲ. ಅದಕ್ಕೆ ಎರಡೂ ಕಡೆಯ ಲೆಕ್ಕದ ಪುಸ್ತಕಗಳನ್ನು ಹೋಲಿಸಬೇಕು. ಆದರೆ ಹತ್ತು ಮುಡಿ ಗೇಣಿಯ ಮೇಲೆ ಒಂದರಿಂದ ಎರಡು ಮುಡಿಯಷ್ಟು ಜಗಳಕ್ಕೆ ಅವಕಾಶವಿತ್ತು ಎಂದು ಧೈರ್ಯವಾಗಿ ಹೇಳಬಹುದು. ಆ ಕಾಲದ ಒಂದು ಒಕ್ಕಲು ಮನೆಗೆ ಅದು ಕೆಲವು ವಾರಗಳ ಗಂಜಿ.

ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನುಗಳೆಲ್ಲ ಸರಕಾರದಲ್ಲಿ ವಿಹಿತವಾದವು. ಒಕ್ಕಲುಗಳು 7ನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತರು. ನಮ್ಮ ಕಡೆ ಇದಕ್ಕೆ ಇಂದಿಗೂ 'ಡಿಕ್ಲರೇಶನ್' ಎಂದೇ ಹೆಸರು. ನಾನಾಗ ಶಾಲೆಗೆ ಸೇರದ ಮಗು. ಇದರ ರಾಜಕೀಯ ಪರಿಣಾಮಗಳನ್ನು ಬೇರೆಯವರು ಬರೆದಿದ್ದಾರೆ. ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾದ ಇನ್ನೊಂದು ಅಂಶವಿದೆ: ಸಾವಿರಾರು ಸಾಮಾನ್ಯ ರೈತರ ಹೆಸರು, ಅವರು ಉಳುತ್ತಿದ್ದ ಸರ್ವೆ ನಂಬರು, ಅದರ ವಿಸ್ತೀರ್ಣ ಸರಕಾರಿ ಕಡತಗಳಲ್ಲಿ ದಾಖಲಾದವು. ಮನೆಯ ಪೆಟ್ಟಿಗೆಯಲ್ಲಿರುವ ಆ ಆದೇಶದ ಪ್ರತಿಯನ್ನು, ಸರ್ವೆ ಇಲಾಖೆಯಲ್ಲಿ ಸಿಗುವ ಎಫ್‌ಎಂಬಿ ನಕ್ಷೆಯೊಂದಿಗೆ ಇಟ್ಟು ನೋಡಿ. ಎಫ್‌ಎಂಬಿಯಲ್ಲಿ ಪ್ರತಿ ಸರ್ವೆ ನಂಬರನ್ನು ತ್ರಿಕೋನಗಳಾಗಿ ವಿಭಾಗಿಸಿ ಬಾಹುಗಳ ಅಳತೆ ಕೊಟ್ಟಿರುತ್ತಾರೆ. ಹೆರಾನನ ಸೂತ್ರ ಗೊತ್ತಿರುವ ಒಂಬತ್ತನೆಯ ತರಗತಿಯವರು ವಿಸ್ತೀರ್ಣವನ್ನು ತಾವೇ ತಾಳೆ ನೋಡಬಹುದು.

ಗದ್ದೆಯ ಸುತ್ತ ಮಾತ್ರ ಚರಿತ್ರೆ ಇರುವುದೆಂದು ತಿಳಿಯಬೇಡಿ. ಕಾಪುವಿನ ಪೂರ್ವಕ್ಕೆ ಶಂಕರಪುರದ ಸುತ್ತಮುತ್ತ ಕೆಲವೇ ಸೆಂಟ್ಸುಗಳ ಹಿತ್ತಲಿನಲ್ಲಿ ಮಲ್ಲಿಗೆ ಬೆಳೆಯುತ್ತಾರೆ. ಅಲ್ಲಿ ತೂಕವಿಲ್ಲ, ಎಣಿಕೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೊಯ್ದ ಹೂವು ಗಂಟೆ ಗಂಟೆಗೂ ನೀರು ಕಳೆದುಕೊಂಡು ಹಗುರವಾಗುತ್ತದೆ. ಬೆಳಗ್ಗೆ ತೂಗಿದವನಿಗೆ ಲಾಭ, ಸಂಜೆ ತೂಗಿದವನಿಗೆ ನಷ್ಟ. ಸಂಖ್ಯೆ ಮಾತ್ರ ಆವಿಯಾಗುವುದಿಲ್ಲ.

ಈಗ ಗದ್ದೆಗಳ ಹೆಸರಿನ ವಿಷಯ. ಸರ್ವೆ ನಂಬರು ಬರುವ ಮೊದಲು ಪ್ರತಿ ಗದ್ದೆಗೂ ಹೆಸರಿತ್ತು. ಮನೆಯೆದುರಿನದು ಬಾಕಿಮಾರು, ಕೋಣಗಳನ್ನು ಓಡಿಸುವುದು ಕಂಬಳಗದ್ದೆ. ಉಳುಮೆ ನಿಂತರೆ ಹೆಸರೂ ನಿಲ್ಲುತ್ತದೆ. ಆಳುಗಳು ಸಿಗದೆ, ಮಕ್ಕಳು ಮುಂಬಯಿಗೋ ಗಲ್ಫಿಗೋ ಹೋಗಿ, ಹಡಿಲು ಬಿದ್ದ ಗದ್ದೆಗಳು ನಮ್ಮಲ್ಲಿ ಬೇಕಾದಷ್ಟಿವೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನವೇ ನಡೆಯಿತು.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿ ಹೇಳಿದ 11 ಗದ್ದೆಗಳ ಹೆಸರನ್ನು ಬರೆದುಕೊಂಡು ಬಂದಳು. ಅಜ್ಜಿ ಅವನ್ನು ಯಾವಾಗ ಕೇಳಿದರೂ ಒಂದೇ ಕ್ರಮದಲ್ಲಿ ಹೇಳುತ್ತಿದ್ದರು. ಏಕೆ ಎಂದು ಕೇಳಿದರೆ, 'ನೀರು ಹಾಗೆಯೇ ಅಲ್ಲವಾ ಇಳಿಯುವುದು' ಎಂದರು. ಪರೀಕ್ಷಿಸಿ ನೋಡೋಣವೆಂದು ಹೊರಟೆವು. ಮೊಬೈಲಿನ ಜಿಪಿಎಸ್ ಎತ್ತರದಲ್ಲಿ ಹಲವು ಮೀಟರುಗಳಷ್ಟು ತಪ್ಪುವುದರಿಂದ ಅದು ಇಲ್ಲಿ ನಿಷ್ಪ್ರಯೋಜಕ. ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯಲ್ಲಿ, ಗುಳ್ಳೆಗಳಿಲ್ಲದಂತೆ ನೋಡಿಕೊಂಡರೆ, ಕೆಲವೇ ಮಿಲಿಮೀಟರುಗಳ ತಪ್ಪಿನಲ್ಲಿ ಎರಡು ಜಾಗಗಳ ಎತ್ತರವನ್ನು ಹೋಲಿಸಬಹುದು. ಹೀಗೆ ಗದ್ದೆಯಿಂದ ಗದ್ದೆಗೆ ಹೋದೆವು. ಎಂಟು ಗದ್ದೆಗಳವರೆಗೆ ಅಜ್ಜಿಯ ಪಟ್ಟಿ ತಪ್ಪದೆ ಇಳಿಯಿತು. ಒಂಬತ್ತನೆಯದು ಎಂಟನೆಯದಕ್ಕಿಂತ 30 ಸೆಂಟಿಮೀಟರ್ ಮೇಲಿತ್ತು.

ನಳಿಗೆಯಲ್ಲಿ ಗುಳ್ಳೆ ಇರಬಹುದೆಂದು ಮತ್ತೆ ಅಳೆದೆವು, ಅದೇ ಉತ್ತರ. ಅಜ್ಜಿಗೆ ಮರೆತಿರಬಹುದು ಎಂದ ಒಬ್ಬ ಹುಡುಗ. ನಾನೇ ಹೋಗಿ, 'ಅಮ್ಮಾ, ಎಂಟು-ಒಂಬತ್ತು ಹಿಂದೆಮುಂದೆ ಆಗಿರಬಹುದೇ?' ಎಂದು ಕೇಳಿದೆ. 'ಇಲ್ಲ ಮಾಷ್ಟ್ರೇ, ಅದರಲ್ಲಿ ನಾನು ನೇಜಿ ನೆಟ್ಟಿದ್ದೇನೆ. ಅಲ್ಲಿ ಮೊಣಕಾಲು ಹೂತುಹೋಗುತ್ತಿತ್ತು' ಎಂದರು.

ಹುಲ್ಲು ಬೆಳೆದು ಹಡಿಲಾಗಿದ್ದ ಆ ಗದ್ದೆಯ ಮಧ್ಯೆ ಹಾರೆಯಿಂದ ಒಂದು ಗುಂಡಿ ತೋಡಿಸಿದೆವು. ಮೇಲೆ ಕೆಂಪು ಮಣ್ಣು, ನಡುನಡುವೆ ಕೆಂಪುಕಲ್ಲಿನ ಚೂರುಗಳು. ಒಂದೂವರೆ ಅಡಿ ಇಳಿದ ಮೇಲೆ ಗೆರೆ ಎಳೆದಂತೆ ಬಣ್ಣ ಬದಲಾಗಿ ಬೂದು ಬಣ್ಣದ ನಯವಾದ ಕೆಸರುಮಣ್ಣು ಸಿಕ್ಕಿತು. ಅದರೊಳಗೆ ಬೇರುಗಳಿದ್ದ ದಾರಿಯುದ್ದಕ್ಕೂ ತುಕ್ಕಿನ ಬಣ್ಣದ ಸಣ್ಣ ಗೆರೆಗಳಿದ್ದವು. ನೀರು ನಿಂತ ಮಣ್ಣಿನಲ್ಲಿ ಭತ್ತದ ಬೇರು ಆಮ್ಲಜನಕವನ್ನು ಹೊರಬಿಟ್ಟಾಗ ಕಬ್ಬಿಣ ಹೀಗೆ ಅದರ ಸುತ್ತ ಕಟ್ಟಿಕೊಳ್ಳುತ್ತದೆ. ವಿದ್ಯಾರ್ಥಿನಿ ಅಂಚುಪಟ್ಟಿ ಹಿಡಿದು ಕೆಂಪು ಮಣ್ಣಿನ ದಪ್ಪವನ್ನು ಅಳೆದಳು: 46 ಸೆಂಟಿಮೀಟರ್. ಅದನ್ನು ಕಳೆದರೆ ಒಂಬತ್ತನೆಯ ಗದ್ದೆ ಎಂಟನೆಯದಕ್ಕಿಂತ 16 ಸೆಂಟಿಮೀಟರ್ ಕೆಳಗಿತ್ತು.